ಮೊರದೊಳಗಿನ ಕಾಗದ

ಪುಟ್ಟೀ,

ವಾಟ್ಸಾಪ್‌ನಲ್ಲಿ ಬರೆಯೋಣ ಅಂತ ಎರಡು ಸಲ ಕೂತೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಸಿಟ್ಟು ಬರುತ್ತದೆ, ಅಳಿಸುತ್ತೇನೆ. ಅದಕ್ಕೇ ಹಳೇ ಡೈರಿಯ ಹಾಳೆ ಹರಿದು ಬರೆಯುತ್ತಿದ್ದೇನೆ. ಇದನ್ನು ಬಾಗಿನದ ಮೊರದೊಳಗೆ ರವಿಕೆ ಕಣದ ಕೆಳಗೆ ಇಡುತ್ತೇನೆ. ಅಮ್ಮನಿಗೆ ಗೊತ್ತಿಲ್ಲ.

ಐಸಿಯು ಡ್ಯೂಟಿ ಇದೆ, ಗೌರಿ ಹಬ್ಬಕ್ಕೆ ಬರಲ್ಲ ಅಂತ ನೀನು ಅಂದಿದ್ದಕ್ಕೆ ಭಾನುವಾರ ಫೋನಿನಲ್ಲಿ ಆಡಿದ್ದು ಇಬ್ಬರಿಗೂ ನೆನಪಿದೆ, ಮತ್ತೆ ಅದೆಲ್ಲ ಬೇಡ. ನಿನ್ನ ಕೊನೆಯ ಮಾತು ಒಂದೇ ತಲೆಯಲ್ಲಿ ಕೂತಿದೆ. "ನೀನು ಎಷ್ಟು ಹಬ್ಬಕ್ಕೆ ಮನೇಲಿದ್ದೆ ಹೇಳಪ್ಪ." ಎಣಿಸಿದೆ. 27 ವರ್ಷದ ಬಸ್ ಡ್ರೈವರ್ ಸರ್ವಿಸ್‌ನಲ್ಲಿ ಗೌರಿ ಗಣೇಶಕ್ಕೆ ಮನೆಯಲ್ಲಿದ್ದದ್ದು ಐದು ಸಲ. ಅದರಲ್ಲಿ ಒಂದು ಸಲ ಟೈಫಾಯ್ಡ್ ಆಗಿ ಮಲಗಿದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ನೀನೇ ಹೇಳು.

ಚೌತಿ ಚಂದ್ರನ್ನ ನೋಡಿದರೆ ಸುಳ್ಳು ಅಪವಾದ ಬರುತ್ತದೆ ಅಂತಾರೆ. ನೀನು ಹೇಳಿದ್ದು ಸುಳ್ಳಲ್ಲ, ಹಾಗಾಗಿ ಚಂದ್ರನ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಚಂದ್ರನ್ನ ನೋಡಿದ್ದಂತೂ ನಿಜ. ಆ ವಿಷಯವನ್ನೇ ನಿನಗೆ ಹೇಳಬೇಕಿತ್ತು.

2004ನೇ ಇಸವಿ. ನಿನಗೆ ಎಂಟು ವರ್ಷ. ಚೌತಿ ದಿನ ಬೆಂಗಳೂರಿಂದ ಹಾಸನಕ್ಕೆ ಮಧ್ಯಾಹ್ನದ ಗಾಡಿ, ಏಳು ಗಂಟೆಗೆಲ್ಲ ಮನೆಯಲ್ಲಿರ್ತೀನಿ ಅಂತ ಹೇಳಿ ಹೋಗಿದ್ದೆ. ಮೆಜೆಸ್ಟಿಕ್‌ನಲ್ಲೇ ತಡ ಆಯಿತು. ಆಮೇಲೆ ಕುಣಿಗಲ್ ದಾಟಿ ಸ್ವಲ್ಪ ದೂರಕ್ಕೆ ಹಿಂದಿನ ಟೈರ್ ಪಂಕ್ಚರ್. ಜ್ಯಾಕ್ ಕೊಟ್ಟು, ಟೈರ್ ಬದಲಾಯಿಸಿ, ಬೆನ್ನು ನೆಟ್ಟಗೆ ಮಾಡಿ ಎದ್ದು ನಿಂತರೆ ಎದುರಿಗೇ ಚಂದ್ರ. ಉಗುರಿನಷ್ಟು ತೆಳ್ಳಗೆ. ನಮ್ಮ ರೋಡು ಹೋಗುವುದೇ ಪಶ್ಚಿಮಕ್ಕೆ, ಚೌತಿ ಚಂದ್ರ ಇರುವುದೂ ಪಶ್ಚಿಮದಲ್ಲೇ, ಸೂರ್ಯ ಮುಳುಗಿದ ಮೇಲೆ ಎರಡು ಮೂರು ಗಂಟೆ. ಅಂದರೆ ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಉದ್ದಕ್ಕೂ ಗಾಜಿನ ಮುಂದೆ ಅದೇ. ಮನೆಯಲ್ಲಿರೋರು ಬಾಗಿಲು ಹಾಕಿಕೊಂಡು ಕೂರಬಹುದು. ಡ್ರೈವರ್ ಕಣ್ಣು ಮುಚ್ಚಿಕೊಳ್ಳೋಕಾಗುತ್ತಾ?

ಮನೆ ಸೇರಿದಾಗ ಹತ್ತೂವರೆ. ಬೀದಿಯಲ್ಲಿ ಎಲ್ಲರ ಗಣಪತಿಯೂ ಕೆರೆಗೆ ಹೋಗಿ ಆಗಿತ್ತು. ನಮ್ಮದು ಮಾತ್ರ ಮಣೆಯ ಮೇಲೆ ಹಾಗೇ ಕೂತಿತ್ತು. ನೀನು ಅದರ ಪಕ್ಕ ಗೋಡೆಗೆ ಒರಗಿ ತೂಕಡಿಸುತ್ತಿದ್ದೆ, ಜಡೆಯಲ್ಲಿ ಬಾಡಿದ ಮಲ್ಲಿಗೆ. ಮೂರನೇ ದಿನ ಬಿಟ್ಟರಾಯಿತು ಅಂತ ಅಮ್ಮ ಎಷ್ಟು ಹೇಳಿದರೂ ನೀನು ಒಪ್ಪಿರಲಿಲ್ಲವಂತೆ, ಅಪ್ಪ ಇವತ್ತೇ ಬರ್ತೀನಿ ಅಂದಿದ್ದಾರೆ ಅಂತ. ಸ್ನಾನ ಮಾಡದೆ ಮುಟ್ಟಬೇಡಿ ಅಂದಳು ಅಮ್ಮ. ಆಮೇಲೆ ನಿನ್ನ ಮುಖ ನೋಡಿ ಅವಳೇ ಸುಮ್ಮನಾದಳು. ಕೈಕಾಲು ತೊಳೆದು ಖಾಕಿಯಲ್ಲೇ ಮಂಗಳಾರತಿ ಮಾಡಿದೆ. ಉಗುರಿನಲ್ಲಿ ಗ್ರೀಸ್ ಹಾಗೇ ಇತ್ತು, ಆರತಿ ತಟ್ಟೆಯ ಅಂಚಿಗೆ ಕಪ್ಪು ಬೆರಳಚ್ಚು ಬಿತ್ತು. ಆ ಹೊತ್ತಲ್ಲಿ ಕೆರೆಗೆ ಯಾರು ಹೋಗ್ತಾರೆ, ಹಿತ್ತಲಲ್ಲಿ ಬಕೆಟ್‌ಗೆ ನೀರು ತುಂಬಿ ಅದರಲ್ಲೇ ಬಿಟ್ಟೆವು. ಜೇಡಿಮಣ್ಣಿನ ಗಣಪತಿ, ಮೊದಲು ಕಿವಿ ಕರಗಿತು. ನೀನು ಬಗ್ಗಿ ನೋಡುತ್ತಾ ಕೇಳಿದೆ, "ಅಪ್ಪ, ಚಂದ್ರನ್ನ ನೋಡಿದ್ಯಾ?"

ಇಲ್ಲ ಕಣೇ ಅಂದೆ.

ನೀನು ನಂಬಲಿಲ್ಲ. ಬಸ್ಸಿಗೆ ಎದುರುಗಡೆ ಎಲ್ಲ ಗಾಜೇ ಇರುತ್ತೆ, ನೋಡೇ ಇರ್ತೀಯ, ಶಮಂತಕ ಮಣಿ ಕಥೆ ಕೇಳಿದರೆ ದೋಷ ಹೋಗುತ್ತೆ, ನಾನೇ ಹೇಳ್ತೀನಿ ಕೂತ್ಕೋ ಅಂತ ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿದೆ. ಸತ್ರಾಜಿತನಿಗೆ ಸೂರ್ಯ ಮಣಿ ಕೊಟ್ಟ. ಅವನ ತಮ್ಮ ಪ್ರಸೇನ ಅದನ್ನು ಹಾಕಿಕೊಂಡು ಬೇಟೆಗೆ ಹೋದ. ಅವನನ್ನು ಸಿಂಹ ಕೊಂದಿತು. ನನಗೆ ನೆನಪಿರುವುದು ಇಷ್ಟೇ. ಮುಂದೆ ಹೇಳುತ್ತಿದ್ದ ಹಾಗೆ ನಾನು ನಿದ್ದೆ ಹೋಗಿಬಿಟ್ಟೆ ಪುಟ್ಟಿ. ಬೆಳಗ್ಗೆ ನಾಲ್ಕಕ್ಕೆ ಎದ್ದವನು. ಎಚ್ಚರವಾದಾಗ ನೀನು ಒಳಗೆ ಹೋಗಿ ಮಲಗಿದ್ದೆ, ನನ್ನ ಮೇಲೆ ನಿನ್ನ ಹೊದಿಕೆ ಇತ್ತು, ಮೊಣಕಾಲಿಗೂ ಸಾಲದಷ್ಟು ಚಿಕ್ಕದು. ಮಾರನೇ ದಿನ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಕೆಟ್ಟಿನ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿದೆಯಂತೆ.

ಇನ್ನೊಂದು ವಿಷಯ ಇದೆ. ರಜೆ ಸಿಗಲಿಲ್ಲ, ರಜೆ ಸಿಗಲಿಲ್ಲ ಅಂತ ಪ್ರತಿ ವರ್ಷ ಹೇಳುತ್ತಿದ್ದೆನಲ್ಲ, ಅದರಲ್ಲಿ ಅರ್ಧ ಸುಳ್ಳು. ಎಷ್ಟೋ ಸಲ ನಾನೇ ಡ್ಯೂಟಿ ಕೇಳಿ ಹಾಕಿಸಿಕೊಂಡಿದ್ದೇನೆ. ಹಬ್ಬದ ಸ್ಪೆಷಲ್ ಗಾಡಿ ಓಡಿಸಿದರೆ ಸ್ವಲ್ಪ ಓಟಿ ಬರುತ್ತಿತ್ತು, ಅದೊಂದು ಕಾರಣ. ಇನ್ನೊಂದು ಹೇಳೋಕೆ ನಾಚಿಕೆ. ಮನೆಯಲ್ಲಿದ್ದರೆ ಅಮ್ಮನಿಗೆ ಸೀರೆ ತಂದಿಲ್ಲ, ನಿನಗೆ ಹೊಸ ಲಂಗ ಇಲ್ಲ ಅನ್ನೋದು ಕಣ್ಣೆದುರು ಇರುತ್ತಿತ್ತು. ಸೀಟಿನ ಮುಂದಿನ ಪುಟ್ಟ ಗಣಪತಿಗೆ ಒಂದು ಗರಿಕೆ ಇಟ್ಟು ಗಾಡಿ ತೆಗೆದರೆ ನನ್ನ ಹಬ್ಬ ಮುಗಿಯಿತು. ಹಿಂದೆ ಐವತ್ತು ಜನ, ಎಲ್ಲರ ಚೀಲದಲ್ಲೂ ಬಾಳೆಕಂದು, ಹೂವು, ಅವರನ್ನೆಲ್ಲ ಮನೆ ಮುಟ್ಟಿಸುವವನು ನಾನು. ಆ ಸೀಟಿನಲ್ಲಿ ನನಗೊಂದು ಬೆಲೆ ಇತ್ತು. ಅಮ್ಮನಿಗೆ ಇದು ಗೊತ್ತಿತ್ತೇನೋ, ಯಾವತ್ತೂ ಕೇಳಲಿಲ್ಲ.

ಹಾಗಿದ್ದೂ ನಿನಗೆ "ಹಬ್ಬಕ್ಕಿಂತ ಡ್ಯೂಟಿ ದೊಡ್ಡದಾ" ಅಂದೆ. ತಪ್ಪು. ನಿನ್ನ ಜೊತೆಯ ಹುಡುಗಿ ಮೂರು ವರ್ಷದಿಂದ ಊರಿಗೆ ಹೋಗಿಲ್ಲ ಅಂತ ಹಬ್ಬದ ರಜೆ ಅವಳಿಗೆ ಬಿಟ್ಟುಕೊಟ್ಟೆ ಅಂದೆಯಲ್ಲ, ಫೋನಿಟ್ಟ ಮೇಲೆ ಯೋಚನೆ ಮಾಡಿದರೆ ನನಗೆ ಒಳಗೊಳಗೇ ಹೆಮ್ಮೆಯೇ ಆಯಿತು. ಆದರೂ ಮದುವೆಯಾದ ಮೊದಲ ಗೌರಿ. ತವರಿಗೆ ಗೌರಿ ಬರ್ತಾಳೆ, ಮಗಳು ಬರಲಿಲ್ಲ ಅಂದರೆ ಅಮ್ಮನಿಗೆ ಹೇಗಿರುತ್ತೆ. ನೋಡು, ಮತ್ತೆ ಅಲ್ಲಿಗೇ ಬಂದೆ. ಬಿಡು.

ದಾರದ ವಿಷಯ. ಹದಿನಾರು ಗಂಟಿನ ದಾರ ಮೊರದಲ್ಲಿದೆ. ಐಸಿಯುನಲ್ಲಿ ಕೈಗೆ ದಾರ, ಬಳೆ ಏನೂ ಇರಬಾರದು ಅಂದಿದ್ದಕ್ಕೆ ಅಮ್ಮ ಮುಖ ಚಿಕ್ಕದು ಮಾಡಿಕೊಂಡಿದ್ದಳು. ನಾನು ಹೇಳಿದ್ದೇನೆ, ಪೂಜೆ ಹೊತ್ತಿಗೆ ಬಲಗೈಗೆ ಕಟ್ಟಿಕೊಳ್ಳಲಿ, ಡ್ಯೂಟಿಗೆ ಹೊರಡುವಾಗ ಬಿಚ್ಚಿ ಗೌರಿ ಮುಂದೆ ಇಡಲಿ, ಗೌರಿಯೂ ಒಬ್ಬ ತಾಯಿಯೇ, ಐಸಿಯುನಲ್ಲಿ ಮಲಗಿರೋರ ಕಷ್ಟ ಗೊತ್ತಾಗಲ್ವಾ ಅಂತ. ಅಮ್ಮ ಒಪ್ಪಿದಳು ಅನ್ಸುತ್ತೆ. ಉತ್ತರ ಕೊಡಲಿಲ್ಲ.

ಈಗ ನನ್ನ ಮಾತು ಕೇಳು. ರಾತ್ರಿ ಪಾಳಿ ಮುಗಿಸಿ ಸ್ಕೂಟರ್ ಓಡಿಸಬೇಡ. ಉಪದೇಶ ಅನ್ನಬೇಡ. ಬೆಳಗಿನ ಜಾವ ಮೂರರಿಂದ ಐದು, ಮೈ ತಾನಾಗೇ ಮಲಗುವ ಹೊತ್ತು. ಪಾಳಿ ಮುಗಿಯುವಾಗ ಎಂಟಾಗಿದ್ದರೂ ಆ ನಿದ್ದೆ ಎಲ್ಲೂ ಹೋಗಿರಲ್ಲ, ಕಣ್ಣಿನ ಹಿಂದೆ ಕಾಯುತ್ತಿರುತ್ತೆ. ಒಂದು ಗೌರಿ ಹಬ್ಬದ ಬೆಳಗ್ಗೆ ಬೆಳ್ಳೂರು ಕ್ರಾಸ್ ಆಚೆ ನನಗೆ ಕಣ್ಣು ಮುಚ್ಚಿತ್ತು. ಎರಡೇ ಸೆಕೆಂಡ್. 60ರ ವೇಗದಲ್ಲಿ ಎರಡು ಸೆಕೆಂಡ್ ಅಂದರೆ 33 ಮೀಟರ್, ಮೂರು ಬಸ್ಸಿನ ಉದ್ದ. ಎಡಗಡೆ ಟೈರ್ ಮಣ್ಣಿಗೆ ಇಳಿದ ಸದ್ದಿಗೆ ಎಚ್ಚರವಾಯಿತು. ಹಿಂದೆ ಒಂದು ಮಗು ಅತ್ತಿತು, ಅಷ್ಟೇ, ಯಾರಿಗೂ ಗೊತ್ತಾಗಲಿಲ್ಲ. ನಾನು ಯಾರಿಗೂ ಹೇಳಿಲ್ಲ, ಅಮ್ಮನಿಗೂ. ಆವತ್ತು ನಾನೂ ಅಮ್ಮನ ಜೊತೆ ಉಪವಾಸ ಅಂತ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಆದ್ದರಿಂದ ನೀನು ಉಪವಾಸ ಮಾಡಬೇಡ. ಪಾಳಿ ಮುಗಿದ ಮೇಲೆ ಹಾಲು, ಬಾಳೆಹಣ್ಣು ತಗೋ, ಆಟೋದಲ್ಲಿ ಮನೆಗೆ ಬಾ, ದೀಪ ಹಚ್ಚಿ ಗೌರಿಗೆ ಅರಿಶಿನ ಕುಂಕುಮ ಇಡು, ಮಲಗು. ಮರುದಿನ ಗಣಪತಿಗೂ ಅಷ್ಟೇ. 21 ಪತ್ರೆ ಸಿಗದಿದ್ದರೆ 21 ಗರಿಕೆ ಸಾಕು. ಕಡುಬು ಅಂಗಡಿಯಿಂದ ತಂದರೂ ನಡೆಯುತ್ತೆ. ಅಳಿಯಂದಿರ ಕೈಲಿ ಮಾಡಿಸಿದರೆ ಇನ್ನೂ ಒಳ್ಳೆಯದು, ಕಲಿಯಲಿ. ಬಣ್ಣದ ಪಿಒಪಿ ಗಣಪತಿ ಮಾತ್ರ ತರಬೇಡ, ಬಕೆಟ್‌ನಲ್ಲಿ ಅದು ಕರಗಲ್ಲ.

ಮೊರ ನಾನೇ ತರುತ್ತೇನೆ, ಹಬ್ಬದ ಹಿಂದಿನ ದಿನ. ಆವತ್ತು ಬೆಂಗಳೂರಿಗೆ ಹೋಗುವ ಗಾಡಿ ಖಾಲಿ ಇರುತ್ತೆ, ಕಿಟಕಿ ಪಕ್ಕ ಕೂತು ಮೊರವನ್ನು ತೊಡೆ ಮೇಲೆ ಇಟ್ಟುಕೊಂಡು ಬರಬಹುದು. ನಾನು ಬರುವಾಗ ನೀನು ಮಲಗಿರ್ತೀಯ. ಎಬ್ಬಿಸಬೇಡಿ ಅಂತ ಅಳಿಯಂದಿರಿಗೆ ಫೋನ್ ಮಾಡಿ ಹೇಳಿದ್ದೇನೆ. ಒಂದು ಕಾಫಿ ಕುಡಿದು, ಮೊರ ಕೊಟ್ಟು ಹೊರಡ್ತೀನಿ. ವಾಪಸ್ ಬರುವಾಗ ಸೀಟ್ ಸಿಗಲ್ಲ, ಹಾಸನದವರೆಗೆ ನಿಂತೇ ಬರಬೇಕು. ಪರವಾಗಿಲ್ಲ, 27 ವರ್ಷ ಕೂತೇ ಓಡಾಡಿದ್ದೇನೆ.

ಮೊರದಲ್ಲಿ ಬಳೆ ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆ, ಅಕ್ಕಿ, ಬೇಳೆ, ಬೆಲ್ಲ ಎಲ್ಲ ಇದೆ. ತೆಂಗಿನಕಾಯಿ ಸ್ವಲ್ಪ ಅಲ್ಲಾಡುತ್ತೆ, ಬಿಚ್ಚುವಾಗ ಜೋಪಾನ. ಸೀರೆ ಬೇರೆ ಕವರ್‌ನಲ್ಲಿದೆ. ಬಣ್ಣ ನಾನು ಆರಿಸಿದ್ದು. ಅಮ್ಮ ಜಾಸ್ತಿ ಗಾಢ ಆಯಿತು ಅಂದಳು.

ಚೌತಿ ಸಂಜೆ ನಾನು ಮನೆಯಲ್ಲೇ ಇರ್ತೀನಿ, ಪಶ್ಚಿಮದ ಕಿಟಕಿ ಹಾಕಿಕೊಂಡು. ಪಾಳಿಗೆ ಹೊರಡುವ ಮುಂಚೆ ಫೋನ್ ಮಾಡು. ಪ್ರಸೇನನನ್ನು ಸಿಂಹ ಕೊಂದ ಮೇಲೆ ಏನಾಯಿತು ಅಂತ ಹೇಳು. ಮಧ್ಯಾಹ್ನವೇ ಮಲಗಿ ಎದ್ದಿರ್ತೀನಿ.

ಅಪ್ಪ