ಕಾಲೇಜು ಆವರಣದಲ್ಲಿ ಆಯುಧ: ಇರುವ ನಿಯಮ ಗೇಟಿನವರೆಗಾದರೂ ಬರಲಿ

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳಲ್ಲಿ ಪ್ರವೇಶಾತಿ ನಡೆಯುತ್ತಿದೆ. ತಮ್ಮನ ಮಗಳನ್ನು ಸೇರಿಸಲೆಂದು ಕಳೆದ ವಾರ ನಾನೂ ಅವರ ಜೊತೆ ಹೋಗಿದ್ದೆ. ರ‍್ಯಾಗಿಂಗ್ ಮಾಡುವುದಿಲ್ಲವೆಂಬ ಮುಚ್ಚಳಿಕೆಗೆ ಅವಳೂ ಅವಳ ತಂದೆಯೂ ಸಹಿ ಹಾಕಿದರು. ನೂರು ಗಜದೊಳಗೆ ತಂಬಾಕು ಮಾರಬಾರದೆಂಬ ಫಲಕ ಗೇಟಿನ ಕಂಬದ ಮೇಲೆ ದೊಡ್ಡದಾಗಿ ಕಾಣಿಸುತ್ತಿತ್ತು. ಕೈಗೆ ಕೊಟ್ಟ ಪುಸ್ತಿಕೆಯಲ್ಲಿ ಮೊಬೈಲ್, ಗುರುತಿನ ಚೀಟಿ, ಹಾಜರಾತಿ, ಬೈಕ್ ನಿಲ್ಲಿಸುವ ಜಾಗ ಎಲ್ಲಕ್ಕೂ ನಿಯಮವಿತ್ತು. ಆಯುಧದ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಹಲವು ವರ್ಷ ಪಾಠ ಹೇಳಿ ನಿವೃತ್ತನಾದವನು ಮತ್ತು ಮನೆಯಲ್ಲಿ ಕೋವಿ ಇಟ್ಟುಕೊಂಡಿರುವ ಕೊಡಗಿನವನು, ಈ ಎರಡೂ ನೆಲೆಯಿಂದ ನಾನು ಈ ಪತ್ರ ಬರೆಯುತ್ತಿದ್ದೇನೆ.

ಹೊಸ ಕಾನೂನು ತನ್ನಿ ಎಂದು ಕೇಳುವುದು ನನ್ನ ಉದ್ದೇಶವಲ್ಲ. ಬಂದೂಕಿನ ಮಟ್ಟಿಗೆ ಕಾನೂನು ಈಗಾಗಲೇ ಇದೆ. ಅದು ಇದೆಯೆಂಬುದು ಕಾಲೇಜುಗಳಿಗೆ ಗೊತ್ತಿಲ್ಲ, ಅಷ್ಟೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕು ಇಟ್ಟುಕೊಳ್ಳಲು ಕೊಡುವ ಪರವಾನಗಿಯ ಜೊತೆಯಲ್ಲೇ ಸಣ್ಣ ಅಕ್ಷರಗಳಲ್ಲಿ ಷರತ್ತುಗಳು ಅಚ್ಚಾಗಿರುತ್ತವೆ. ಜಿಲ್ಲಾ ದಂಡಾಧಿಕಾರಿಯವರ ವಿಶೇಷ ಅನುಮತಿ ಇಲ್ಲದೆ ಆಯುಧವನ್ನು ಜಾತ್ರೆಗಾಗಲಿ, ಧಾರ್ಮಿಕ ಮೆರವಣಿಗೆಗಾಗಲಿ, ಜನ ಸೇರಿದ ಬೇರೆ ಸಭೆಗಾಗಲಿ, ಯಾವುದೇ ಶಿಕ್ಷಣ ಸಂಸ್ಥೆಯ ಆವರಣದೊಳಕ್ಕಾಗಲಿ ಒಯ್ಯಕೂಡದು ಎಂಬುದು ಆ ಷರತ್ತುಗಳಲ್ಲಿ ಒಂದು. ಷರತ್ತು ಮೀರಿದವರಿಗೆ ಕಾಯ್ದೆಯ 30ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಪರವಾನಗಿಯನ್ನು ಅಮಾನತಿನಲ್ಲಿಡುವ ಅಥವಾ ರದ್ದುಪಡಿಸುವ ಅಧಿಕಾರವನ್ನು 17ನೇ ಕಲಮು ಕೊಟ್ಟಿದೆ. 21 ವರ್ಷ ತುಂಬದವರಿಗೆ ಪರವಾನಗಿ ಸಾಮಾನ್ಯವಾಗಿ ಸಿಗುವುದೇ ಇಲ್ಲವಾದ್ದರಿಂದ ಪರವಾನಗಿ ಇರುವ ಬಂದೂಕಿನ ಪ್ರಶ್ನೆ ಪದವಿ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದೇ ಅಲ್ಲ. ಅದು ಕಾಲೇಜಿಗೆ ಬಂದು ಹೋಗುವ ದೊಡ್ಡವರಿಗೆ ಸಂಬಂಧಿಸಿದ್ದು.

ಆ ದೊಡ್ಡವರ ವಿಷಯದಲ್ಲಿ ಏನಾಗುತ್ತಿದೆ ಎಂಬುದನ್ನು ನನ್ನ ಸೇವಾವಧಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ನಾನಿದ್ದ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದ ಗಣ್ಯರ ಹಿಂದೆ ಅವರ ಖಾಸಗಿ ಗನ್‌ಮ್ಯಾನ್ ಜೋಡಿ ನಳಿಗೆ ಕೋವಿ ಹಿಡಿದು ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದ. ನಮ್ಮಲ್ಲಿ ಯಾರೊಬ್ಬರೂ ಅವನನ್ನು ಪ್ರಶ್ನಿಸಲಿಲ್ಲ, ನಾನೂ ಪ್ರಶ್ನಿಸಲಿಲ್ಲ. ತಿಂಗಳಿಗೆ ನಾಲ್ಕಾರು ಸಲ ಆವರಣದ ಎಟಿಎಂಗೆ ಹಣ ತುಂಬಲು ವಾಹನ ಬರುತ್ತಿತ್ತು. ಅದರಿಂದ ಇಳಿಯುತ್ತಿದ್ದ ಕಾವಲುಗಾರ ಕ್ಯಾಂಟೀನಿನ ಎದುರಲ್ಲೇ, ವಿದ್ಯಾರ್ಥಿಗಳ ನಡುವೆ, ಒಂಟಿ ನಳಿಗೆ ಕೋವಿಯನ್ನು ಹೆಗಲಿಗೇರಿಸಿ ನಿಲ್ಲುತ್ತಿದ್ದ. ತೋಟದಿಂದ ನೇರವಾಗಿ ಮಗನ ಫಲಿತಾಂಶ ವಿಚಾರಿಸಲು ಬಂದ ಪೋಷಕರೊಬ್ಬರ ಜೀಪಿನ ಹಿಂಬದಿ ಸೀಟಿನಲ್ಲಿ ಕೋವಿ ಮಲಗಿದ್ದನ್ನು, ಜೀಪಿಗೆ ಬೀಗವೂ ಇಲ್ಲದ್ದನ್ನು, ವಿದ್ಯಾರ್ಥಿಯೊಬ್ಬ ಬಂದು ನನಗೆ ಹೇಳಿದ್ದುಂಟು. ಈ ಮೂವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಆವರಣದೊಳಕ್ಕೆ ಒಯ್ಯಕೂಡದು ಎಂದರೆ ಜೀಪಿನಲ್ಲಿ ಇಟ್ಟುಕೊಂಡು ಬಂದರೂ ಒಯ್ದಂತೆಯೇ. ಎಟಿಎಂ ಕಾವಲುಗಾರನಿಗೆ ವಿಶೇಷ ಅನುಮತಿ ಇರಲೂಬಹುದು, ಇಲ್ಲದಿರಲೂಬಹುದು. ಅದನ್ನು ತೋರಿಸಿ ಎಂದು ಕೇಳಬೇಕೆಂಬುದೇ ಪ್ರಾಂಶುಪಾಲರಿಗೆ ತಿಳಿಯದಿದ್ದರೆ ಷರತ್ತನ್ನು ಅಚ್ಚು ಹಾಕಿಸಿದ್ದರಿಂದ ಏನು ಬಂತು?

ಆಡಳಿತಕ್ಕೆ ಇದು ಕೈಲಾಗದ ಕೆಲಸವೇನೂ ಅಲ್ಲ. ಚುನಾವಣೆ ಘೋಷಣೆಯಾದರೆ ಸಾಕು, ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಬೆಳೆ ರಕ್ಷಣೆಗೆಂದು ಕೋವಿ ಪಡೆದ ರೈತರಿಗೆ ಅದನ್ನು ಠಾಣೆಗೆ ತಂದು ಜಮಾ ಮಾಡಿ ಎಂಬ ಸೂಚನೆ ಕೆಲವೇ ದಿನಗಳಲ್ಲಿ ಮುಟ್ಟುತ್ತದೆ. ಫಸಲಿಗೆ ಹಂದಿ, ಮಂಗ ನುಗ್ಗುವ ಕಾಲದಲ್ಲಿ ಹೀಗೆ ಮಾಡಬಾರದೆಂದು ರೈತರು ತಕರಾರು ತೆಗೆಯುವುದೂ ಪ್ರತಿ ಸಲ ನಡೆದೇ ಇದೆ, ಆ ತಕರಾರು ನ್ಯಾಯವಾದದ್ದೇ. ಊರೂರಿನ ಯಾವ ಮನೆಯಲ್ಲಿ ಯಾವ ಕೋವಿ ಇದೆ ಎಂದು ಬಲ್ಲ ಇದೇ ಆಡಳಿತ, ಜಿಲ್ಲೆಯಲ್ಲಿರುವ ಕಾಲೇಜುಗಳ ಗೇಟಿಗೆ ಒಂದೊಂದು ಫಲಕ ಹಾಕಿಸಲಾರದೇ?

ಇಲ್ಲಿ ನಮ್ಮ ಜಿಲ್ಲೆಯ ಮಾತನ್ನೂ ಆಡಬೇಕು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದೂಕು ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ವಿನಾಯಿತಿ ಉಳಿಯಬೇಕೆಂಬ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಶಿಕ್ಷಣ ಸಂಸ್ಥೆಗಳಿಗೆ ಸಂಬಂಧಿಸಿದ ನಿಷೇಧ ಇರುವುದು ಪರವಾನಗಿಯ ಷರತ್ತಿನ ರೂಪದಲ್ಲಿ. ಪರವಾನಗಿಯೇ ಬೇಡದ ನಮಗೆ ಪರವಾನಗಿಯ ಷರತ್ತು ಹೇಗೆ ಅನ್ವಯವಾಗುತ್ತದೆ ಎಂದು ನಾಳೆ ಯಾರಾದರೂ ಗೇಟಿನಲ್ಲಿ ವಾದಕ್ಕೆ ನಿಂತರೆ ಕಾವಲುಗಾರ ಏನು ಉತ್ತರ ಕೊಡಬೇಕು? ಇಂಥ ವಾದ ಹುಟ್ಟುವ ಮೊದಲೇ, ನಮ್ಮ ಸಮಾಜಗಳೇ ಮುಂದೆ ಬಂದು, ವಿನಾಯಿತಿ ಕಾಲೇಜಿನ ಗೇಟಿನ ಹೊರಗೆ ಮಾತ್ರ ಎಂದು ಒಪ್ಪಿಕೊಳ್ಳುವುದು ಗೌರವದ ದಾರಿ ಎಂದು ನನಗೆ ಅನ್ನಿಸುತ್ತದೆ.

ಹೀಗೆ ಹೇಳಿದರೆ ಪದ್ಧತಿಗೆ ವಿರುದ್ಧ ಮಾತಾಡಿದಂತೆ ಎಂದು ಕೆಲವರು ಮುನಿಸಿಕೊಳ್ಳಬಹುದು. ಮಗ ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವ ಮನೆಯಲ್ಲೇ ನಾನೂ ಬೆಳೆದದ್ದು. ಆದರೆ ಕೈಲ್ ಪೊಳ್ದ್ ಹಬ್ಬದ ಅರ್ಥವನ್ನೇ ನೋಡಿ. ಗದ್ದೆ ಕೆಲಸದ ತಿಂಗಳುಗಳಲ್ಲಿ ನಮ್ಮ ಹಿರಿಯರು ಕೋವಿ, ಕತ್ತಿಗಳನ್ನು ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇಟ್ಟು ಬಿಡುತ್ತಿದ್ದರು. ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಆರಂಭದಲ್ಲಿ, ಅವನ್ನು ಹೊರತೆಗೆದು ತೋಕ್ ಪೂ ಎಂಬ ಕೋವಿ ಹೂವಿನಿಂದ ಅಲಂಕರಿಸಿ ಪೂಜೆ ಮಾಡಿ ಮತ್ತೆ ಕೈಗೆತ್ತಿಕೊಳ್ಳುತ್ತಿದ್ದರು. ನೇಗಿಲು ಹಿಡಿಯುವ ಹೊತ್ತಿನಲ್ಲಿ ಕೋವಿ ಹಿಡಿಯಬಾರದು ಎಂಬ ಕಟ್ಟಳೆ ಹಾಕಿಕೊಂಡವರು ಪುಸ್ತಕ ಹಿಡಿಯುವ ಜಾಗಕ್ಕೆ ಬೇರೆ ಕಟ್ಟಳೆ ಹಾಕುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಇಷ್ಟೆಲ್ಲ ಬಂದೂಕಿನ ಮಾತಾಯಿತು. ನಿಜ ಹೇಳಬೇಕೆಂದರೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಹೆಚ್ಚು ಭಯಪಡಬೇಕಾದದ್ದು ಚಾಕುವಿಗೆ. ಬೆಂಗಳೂರಿನ ಕಾಡುಗೋಡಿಯ ಪಿಯು ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ 2015ರ ಮಾರ್ಚ್ ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಗುಂಡೇಟಿಗೆ ಸತ್ತದ್ದನ್ನು ಮರೆಯಲಾಗದು. ಆದರೆ 2023ರ ಜನವರಿಯಲ್ಲಿ ರಾಜಾನುಕುಂಟೆಯ ವಿಶ್ವವಿದ್ಯಾಲಯದ ಆವರಣದಲ್ಲಿ, 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ, ಹಾಡಹಗಲೇ ವಿದ್ಯಾರ್ಥಿನಿಯರು ಬಲಿಯಾದದ್ದು ಚಾಕು ಇರಿತಕ್ಕೆ. ಹುಬ್ಬಳ್ಳಿಯ ಘಟನೆಯ ನಂತರ ರಾಜ್ಯದಾದ್ಯಂತ ಮೆರವಣಿಗೆಗಳಾದವು, ಚುನಾವಣೆಯ ಕಾಲವಾದ್ದರಿಂದ ನಾಯಕರ ಮಾತುಗಳೂ ಬೇಕಾದಷ್ಟು ಕೇಳಿಬಂದವು. ಗೇಟು ದಾಟಿ ಚಾಕು ಒಳಗೆ ಬಂದದ್ದು ಹೇಗೆ ಎಂಬ ನೀರಸವಾದ ಪ್ರಶ್ನೆಯ ಚರ್ಚೆ ಮಾತ್ರ ನನಗೆ ಹೆಚ್ಚು ಕಾಣಿಸಲಿಲ್ಲ.

ಚಾಕುವಿನ ವಿಷಯದಲ್ಲಿ ಶಸ್ತ್ರಾಸ್ತ್ರ ಕಾಯ್ದೆ ನಮ್ಮ ಕೈ ಹಿಡಿಯುವುದು ಕಡಿಮೆ. ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇದ್ದರೆ ಮಾತ್ರ ಚಾಕು ಆಯುಧಗಳ ವರ್ಗಕ್ಕೆ ಸೇರುತ್ತದೆ. ಮನೆ, ಹೊಲ, ಪ್ರಯೋಗಾಲಯ, ಕಾರ್ಖಾನೆಯ ಬಳಕೆಗೆಂದು ಮಾಡಿದ್ದು ಅದರಿಂದ ಹೊರಗೆ. ಆ ವರ್ಗಕ್ಕೆ ಸೇರಿದ ಅಲಗಿಗೂ ಪರವಾನಗಿ ಬೇಕಾಗುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಮಾತ್ರ. ಜೇಬಿನಲ್ಲಿ ಮಡಚಿಟ್ಟುಕೊಳ್ಳುವ ಚಾಕು, ಅಡುಗೆಮನೆಯಿಂದ ಎತ್ತಿಕೊಂಡು ಬಂದ ಚಾಕು ಈ ಲೆಕ್ಕದಲ್ಲಿ ಆಯುಧವೇ ಅಲ್ಲ. ಹಾಗಾಗಿ ಇಲ್ಲಿ ಕಾಯ್ದೆಯ ಮುಖ ನೋಡುತ್ತ ಕೂರದೆ ಕಾಲೇಜೇ ತನ್ನ ನಿಯಮ ಬರೆದುಕೊಳ್ಳಬೇಕು. ಅದಕ್ಕೆ ಆಧಾರವೂ ಇದೆ: ಆವರಣವನ್ನು ಆಯುಧಮುಕ್ತವಾಗಿ ಇಡಲು ವಿದ್ಯಾರ್ಥಿಗಳ ಮತ್ತು ಹೊರಗಿನವರ ಚೀಲಗಳನ್ನು ಪರೀಕ್ಷಿಸಬಹುದು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2015ರ ಸುರಕ್ಷತಾ ಮಾರ್ಗಸೂಚಿಯಲ್ಲೇ ಹೇಳಿದೆ. ದಿನವೂ ಸಾವಿರಾರು ಮಕ್ಕಳ ಚೀಲ ಬಿಚ್ಚಿಸುವುದನ್ನು ನಾನು ಒಪ್ಪುವುದಿಲ್ಲ. ಹೆಣ್ಣುಮಕ್ಕಳ ಚೀಲವನ್ನು ಗಂಡಸು ಕಾವಲುಗಾರ ತಡಕುವುದನ್ನಂತೂ ಒಪ್ಪಲು ಸಾಧ್ಯವೇ ಇಲ್ಲ. ಆದರೆ ಗುರುತಿನ ಚೀಟಿ ಇಲ್ಲದೆ ಬರುವ ಹೊರಗಿನವರ ಹೆಸರು ಬರೆದುಕೊಂಡು, ಚೀಲವನ್ನು ಗೇಟಿನಲ್ಲೇ ಇಡಿಸಿಕೊಂಡು ಒಳಗೆ ಬಿಡುವುದು ದೊಡ್ಡ ಕಷ್ಟವೇನಲ್ಲ. ಬ್ಯಾಂಕಿನ ಲಾಕರಿಗೆ ಹೋಗುವಾಗ ನಾವು ಇದಕ್ಕಿಂತ ಹೆಚ್ಚಿನದನ್ನು ಸಹಿಸಿಕೊಳ್ಳುತ್ತೇವೆ.

ನಿಯಮ ಬರೆಯುವುದು ಸುಲಭ, ಸರಿಯಾಗಿ ಬರೆಯುವುದು ಕಷ್ಟ ಎಂಬುದಕ್ಕೆ ಒಂದು ಪ್ರಸಂಗ. ನಮ್ಮ ಕಾಲೇಜಿನಲ್ಲಿ ಸಾಂಪ್ರದಾಯಿಕ ಉಡುಗೆಯ ದಿನ ಕುಪ್ಯಚೇಲೆ ತೊಟ್ಟು, ಸೊಂಟದಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡು ಬಂದ ಹುಡುಗನೊಬ್ಬನನ್ನು ಹೊರಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಕಾವಲುಗಾರ ಗೇಟಿನಲ್ಲಿ ತಡೆದ. ಹುಡುಗನಿಗೆ ಅವಮಾನವಾಯಿತು, ಗೆಳೆಯರು ಗುಂಪುಗೂಡಿದರು, ಮಾತು ಜಾತಿಯ ಕಡೆಗೆ ತಿರುಗಿತು. ನಾನು ಹೋಗಿ, ಕತ್ತಿಯನ್ನು ಒರೆಯಿಂದ ತೆಗೆದು ನನ್ನ ಮೇಜಿನ ಡ್ರಾಯರಿನಲ್ಲಿಟ್ಟು, ಬರಿಯ ಒರೆಯೊಂದಿಗೆ ಅವನನ್ನು ಒಳಗೆ ಕಳಿಸಿದೆ. ಸಂಜೆ ಬಂದು ಕತ್ತಿ ಕೇಳಿ ತೆಗೆದುಕೊಂಡು ಹೋದ. ಅಂದು ಕಾವಲುಗಾರ ಮಾಡಿದ್ದರಲ್ಲಿ ತಪ್ಪಿರಲಿಲ್ಲ, ಹುಡುಗನದೂ ತಪ್ಪಿರಲಿಲ್ಲ. ಒರೆ ಇರಲಿ, ಅಲಗು ಬೇಡ ಎಂಬ ಒಂದು ಸಾಲನ್ನು ಮೊದಲೇ ಸೂಚನಾ ಫಲಕಕ್ಕೆ ಅಂಟಿಸದಿದ್ದದ್ದು ನಮ್ಮ ತಪ್ಪು. ಸಿಖ್ಖರು ಧರಿಸುವ ಕತ್ತಿಯಾದ ಕಿರ್ಪಾಣದ ವಿಷಯ ಬೇರೆ. ಅದನ್ನು ಧರಿಸುವುದನ್ನು ಸಂವಿಧಾನದ 25ನೇ ವಿಧಿಯ ವಿವರಣೆಯೇ ಧರ್ಮಾಚರಣೆಯ ಭಾಗವೆಂದು ಗುರುತಿಸಿದೆ. ಕಾಲೇಜಿನ ನಿಯಮದಲ್ಲಿ ಅದಕ್ಕೂ ಜಾಗವಿರಬೇಕು. ಎನ್‌ಸಿಸಿಯ ರೈಫಲ್‌ಗಳಿಗೆ ಕಾಯ್ದೆಯ 45ನೇ ಕಲಮಿನಲ್ಲೇ ವಿನಾಯಿತಿ ಇದೆ, ಅವನ್ನು ಬೀಗದೊಳಗೆ ಇಡುವ, ಎಣಿಸಿ ಕೊಟ್ಟು ಎಣಿಸಿ ಪಡೆಯುವ ಶಿಸ್ತೂ ಇದೆ. ಕೃಷಿ, ತೋಟಗಾರಿಕೆ ಕಾಲೇಜುಗಳ ಕತ್ತಿ, ಕುಡುಗೋಲುಗಳಿಗೂ ಅದೇ ಎಣಿಕೆಯ ಪದ್ಧತಿ ಸಾಕು.

ಅಮೆರಿಕದ ಟೆಕ್ಸಾಸ್‌ನಲ್ಲಿ ಓದುತ್ತಿರುವ ನಮ್ಮೂರಿನ ಹುಡುಗರನ್ನು ಕೇಳಿದರೆ ಅಲ್ಲಿನ ಸ್ಥಿತಿ ತಲೆಕೆಳಗು. 2016ರ ಆಗಸ್ಟ್ 1ರಿಂದ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪರವಾನಗಿ ಇರುವವರು ಪಿಸ್ತೂಲನ್ನು ಮರೆಯಾಗಿ ಇಟ್ಟುಕೊಂಡು ಆವರಣಕ್ಕೆ, ತರಗತಿಗೂ ಬರಬಹುದು. ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರವನ್ನೇರಿ ಒಬ್ಬ ಗುಂಡಿನ ಮಳೆಗರೆದದ್ದು 1966ರ ಆಗಸ್ಟ್ 1ರಂದು. ಸರಿಯಾಗಿ ಐವತ್ತು ವರ್ಷಕ್ಕೆ, ಅದೇ ದಿನ, ಈ ಕಾನೂನು ಜಾರಿಗೆ ಬಂತು. ನನಗೆ ಆ ಕಾನೂನು ಒಪ್ಪಿಗೆಯಿಲ್ಲ. ಪರೀಕ್ಷೆಯಲ್ಲಿ ಕಡಿಮೆ ಅಂಕ ಕೊಟ್ಟ ವಿದ್ಯಾರ್ಥಿಯ ಸೊಂಟದಲ್ಲಿ ಪಿಸ್ತೂಲು ಇರಬಹುದೆಂಬ ಅಳುಕಿನಲ್ಲಿ ನಾನಂತೂ ಪಾಠ ಹೇಳಲಾರೆ. ಆದರೂ ಅವರಿಂದ ಕಲಿಯಬೇಕಾದದ್ದು ಒಂದಿದೆ. ಯಾವ ಕಟ್ಟಡಕ್ಕೆ ತರಬಹುದು, ಯಾವುದಕ್ಕೆ ಕೂಡದು ಎಂಬುದನ್ನು ಅಲ್ಲಿ ವಿಶ್ವವಿದ್ಯಾಲಯ ಬರೆದು ಪ್ರಕಟಿಸಲೇಬೇಕು. ತನಗೊಬ್ಬನಿಗೇ ಕೊಟ್ಟ ಕೊಠಡಿಗೆ ಪಿಸ್ತೂಲು ತರಬೇಡಿ ಎಂದು ಹೇಳುವ ಹಕ್ಕನ್ನು ಆಸ್ಟಿನ್‌ನಲ್ಲಿ ಅಧ್ಯಾಪಕನಿಗೆ ಕೊಟ್ಟಿದ್ದಾರೆ. ತರಬಹುದು ಎನ್ನುವವರು ಇಷ್ಟು ವಿವರವಾಗಿ ಬರೆದುಕೊಂಡಿದ್ದಾರೆ. ತರಬಾರದು ಎನ್ನುವ ನಾವು ಅದನ್ನು ಪರವಾನಗಿಯ ಸಣ್ಣ ಅಕ್ಷರಗಳಲ್ಲೇ ಬಿಟ್ಟಿದ್ದೇವೆ.

ಕಾಲೇಜು ಶಿಕ್ಷಣ ಇಲಾಖೆಯಿಂದ ನಾನು ಬಯಸುವುದು ಒಂದು ಸುತ್ತೋಲೆ. ಪರವಾನಗಿಯ ಷರತ್ತನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಪ್ರತಿ ಗೇಟಿಗೂ ಹಾಕಬೇಕು. ರ‍್ಯಾಗಿಂಗ್ ಮುಚ್ಚಳಿಕೆಯ ಜೊತೆಯಲ್ಲೇ ಆಯುಧದ ಬಗೆಗಿನ ಮುಚ್ಚಳಿಕೆಯನ್ನೂ ಪಡೆಯಬೇಕು. ಸಮಾರಂಭಕ್ಕೆ ಕರೆಯುವ ಅತಿಥಿಗಳ ಆಹ್ವಾನಪತ್ರದಲ್ಲೇ, ಸರ್ಕಾರ ನೇಮಿಸಿದ ಪೊಲೀಸ್ ಭದ್ರತೆಯ ಹೊರತು ಖಾಸಗಿ ಗನ್‌ಮ್ಯಾನ್‌ಗಳು ಗೇಟಿನಲ್ಲೇ ನಿಲ್ಲಬೇಕೆಂದು ವಿನಯದಿಂದ ತಿಳಿಸಬೇಕು. ಕೊನೆಯದು ಪ್ರಾಂಶುಪಾಲರಿಗೆ ಮುಜುಗರದ ಕೆಲಸ ಎಂದು ಬಲ್ಲೆ. ಮೇಲಿನಿಂದ ಬಂದ ಸುತ್ತೋಲೆಯೊಂದು ಕೈಯಲ್ಲಿದ್ದರೆ ಆ ಮುಜುಗರ ಅರ್ಧ ಇಳಿಯುತ್ತದೆ. ಚಾಕು ಸಿಕ್ಕ ವಿದ್ಯಾರ್ಥಿಯನ್ನು ಕೂಡಲೇ ಕಾಲೇಜಿನಿಂದ ಹೊರಹಾಕುವ ನಿಯಮ ಮಾತ್ರ ಬೇಡ. ಹೊರಹಾಕಿದ ಹುಡುಗ ಮತ್ತೆ ಗೇಟಿಗೆ ಬರುವುದಿಲ್ಲವೆಂಬ ಖಾತ್ರಿ ಯಾರಿಗೂ ಇಲ್ಲ. ಮನೆಯವರನ್ನು ಕರೆಸಿ, ಏಕೆ ತಂದೆ ಎಂದು ಕೇಳಿ, ಅಗತ್ಯವಿದ್ದರೆ ಪೊಲೀಸರಿಗೆ ತಿಳಿಸುವುದೇ ಮೇಲು.

ಕೊಡಗಿನ ಜಿಲ್ಲಾಧಿಕಾರಿಯವರಲ್ಲಿ ಇನ್ನೊಂದು ವಿನಂತಿ. ಕೈಲ್ ಪೊಳ್ದ್ ಹತ್ತಿರವಾಗುತ್ತಿದೆ. ಅದಕ್ಕೆ ಮೊದಲೇ, ವಿನಾಯಿತಿ ಪತ್ರ ಉಳ್ಳವರಿಗೂ ಶಿಕ್ಷಣ ಸಂಸ್ಥೆಗಳ ಆವರಣದ ನಿಷೇಧ ಅನ್ವಯಿಸುತ್ತದೆಯೇ ಇಲ್ಲವೇ ಎಂಬುದನ್ನು ದಯವಿಟ್ಟು ಲಿಖಿತವಾಗಿ ಸ್ಪಷ್ಟಪಡಿಸಬೇಕು. ಅನ್ವಯಿಸುತ್ತದೆ ಎಂದಾದರೆ ಆ ಆದೇಶದ ಪ್ರತಿಯನ್ನು ನನ್ನ ಮನೆಯ ಕೋವಿಯ ಪಕ್ಕದಲ್ಲೇ ಗೋಡೆಗೆ ತೂಗುಹಾಕುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪದವಿ ಕಾಲೇಜು ಉಪನ್ಯಾಸಕ,
ವಿರಾಜಪೇಟೆ ತಾಲ್ಲೂಕು, ಕೊಡಗು ಜಿಲ್ಲೆ