ಆ ಸಹಿಗೆ ಎಷ್ಟು ಬೆಲೆ?

ಮಾನ್ಯ ಸಂಪಾದಕರೇ,

ಆಪರೇಷನ್ ಕೆಟ್ಟು ಮನೆಯವರು ಜಗಳಕ್ಕೆ ನಿಂತಾಗ ಕಲಬುರಗಿಯ ಆಸ್ಪತ್ರೆಗಳಲ್ಲಿ ಬರುವ ಉತ್ತರ ಒಂದೇ: ‘ನೀವೇ ಸಹಿ ಮಾಡೀರಲ್ಲ?’ ಅಲ್ಲಿಗೆ ಎಲ್ಲರೂ ತಣ್ಣಗಾಗುತ್ತಾರೆ. ಆದರೆ ಒಪ್ಪಿಗೆ ಫಾರಂ ಮೇಲಿನ ಆ ಸಹಿಗೆ ಕಾನೂನು ಅಷ್ಟು ಬೆಲೆ ಕೊಟ್ಟಿಲ್ಲ.

ಎದುರಿನವರು ಒಪ್ಪಿದ್ದರೆಂದು ಆರೋಪಿಗೆ ಸಿಗುವ ರಕ್ಷಣೆ ಈಗಿನ ದಂಡ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 25ರಿಂದ 30ನೇ ಕಲಂಗಳಲ್ಲಿದೆ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದರೆ ಹಳೆಯ ದಂಡ ಸಂಹಿತೆ ಐಪಿಸಿಯ 87ರಿಂದ 92. ಜಾತ್ರೆಯ ಕುಸ್ತಿ 25ನೇ ಕಲಮಿಗೆ ಸೇರುತ್ತದೆ: ಇಬ್ಬರಿಗೂ 18 ದಾಟಿರಬೇಕು, ಕೊಲ್ಲುವ ಅಥವಾ ತೀವ್ರ ಗಾಯ ಮಾಡುವ ಉದ್ದೇಶ ಇರಬಾರದು. ಪಟ್ಟು ಹಾಕುವಾಗ ಭುಜ ತಪ್ಪಿದರೆ ಅಪರಾಧವಲ್ಲ. ಪಂಚರು ಬಿಡಿಸಿದ ಮೇಲೆ ಗುದ್ದಿದರೆ ಅದಕ್ಕೆ ಎದುರಾಳಿ ಒಪ್ಪಿಯೇ ಇರಲಿಲ್ಲ.

ಡಾಕ್ಟರಿಗೆ ಅನ್ವಯವಾಗುವುದು 26. ಇಲ್ಲಿ ಒಪ್ಪಿಗೆಯೊಂದೇ ಸಾಲದು. ಕೆಲಸ ರೋಗಿಯ ಹಿತಕ್ಕಾಗಿರಬೇಕು, ಸದ್ಭಾವನೆಯಿಂದ ಆಗಿರಬೇಕು. ಸದ್ಭಾವನೆ ಎಂದರೆ ಒಳ್ಳೆಯ ಮನಸ್ಸಲ್ಲ. ತಕ್ಕ ಎಚ್ಚರ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ ಎಂದು ಅದೇ ಸಂಹಿತೆಯ ವ್ಯಾಖ್ಯೆ. ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿಗೆ ಹಾಕಿದರೆ ಯಾವ ಸಹಿಯೂ ಕಾಯುವುದಿಲ್ಲ.

ಮುಖ್ಯವಾದದ್ದು 28. ಹೆದರಿಕೆಯಿಂದ ಅಥವಾ ತಪ್ಪು ತಿಳಿವಳಿಕೆಯಿಂದ ಕೊಟ್ಟ ಒಪ್ಪಿಗೆ, ಅದು ಹಾಗೆ ಬಂದದ್ದೆಂದು ಪಡೆದವನಿಗೆ ಗೊತ್ತಿದ್ದರೆ, ಒಪ್ಪಿಗೆಯೇ ಅಲ್ಲ. ಹತ್ತು ವರ್ಷದ ಹಿಂದೆ ನಮ್ಮ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳ ಗರ್ಭಕೋಶ ತೆಗೆದ ಸಂಗತಿ ರಾಜ್ಯವೆಲ್ಲ ಸುದ್ದಿಯಾಗಿತ್ತು. ಸರಿಯಾದ ಪರೀಕ್ಷೆಯಿಲ್ಲದೆ ‘ತೆಗೀದಿದ್ರ ಕ್ಯಾನ್ಸರ್ ಆಗ್ತದ’ ಎಂದು ಹೆದರಿಸಿ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ಈ ಕಲಮಿನ ಎದುರು ಇಟ್ಟು ನೋಡಿ.

ಗಂಡನ ಸಹಿ ಸಾಕು ಎಂಬ ನಂಬಿಕೆಯೂ ಸುಳ್ಳು. 2008ರ ಸಮಿರಾ ಕೊಹ್ಲಿ ಪ್ರಕರಣದಲ್ಲಿ ರೋಗಿ ಒಪ್ಪಿದ್ದು ಲ್ಯಾಪರೋಸ್ಕೋಪಿ (ಸಣ್ಣ ತೂತಿನಿಂದ ಹೊಟ್ಟೆಯೊಳಗೆ ನೋಡುವ) ತಪಾಸಣೆಗೆ. ಆಕೆ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದರು. ವಯಸ್ಕಳ ಪರವಾಗಿ, ತುರ್ತು ಇಲ್ಲದಾಗ, ತಾಯಿ ಒಪ್ಪಿದರೆ ನಡೆಯದು ಎಂದಿತು ಸುಪ್ರೀಂ ಕೋರ್ಟ್. ಅದು ಪರಿಹಾರದ ದಾವೆ, ಕ್ರಿಮಿನಲ್ ಕೇಸಲ್ಲ. ಆದರೂ ಒಪ್ಪಿಗೆಯ ಅಳತೆಗೋಲು ಅಲ್ಲೇ ಸಿಗುತ್ತದೆ.

ಇನ್ನು ಫಾರಂ. ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ, ಆಪರೇಷನ್ ಹೆಸರಿನ ಜಾಗ ಖಾಲಿ, ಅಡ್ವಾನ್ಸ್ ಕಟ್ಟುವ ಕೌಂಟರಿನಲ್ಲೇ ಸಹಿ. ಖಾಲಿ ಜಾಗ ತುಂಬಿಸಿದ ಮೇಲೆ ಸಹಿ ಮಾಡಿ, ಪಕ್ಕದಲ್ಲಿ ತಾರೀಖಷ್ಟೇ ಅಲ್ಲ, ಗಂಟೆಯನ್ನೂ ಬರೆಯಿರಿ. ಮತ್ತಿನ ಇಂಜೆಕ್ಷನ್ ಆದ ಮೇಲೆ, ಏನೆಂದು ತಿಳಿಯದ ಸ್ಥಿತಿಯಲ್ಲಿ ಪಡೆದ ಸಹಿಯೂ 28ರಲ್ಲೇ ಬಿದ್ದುಹೋಗಬಹುದು. ಅದನ್ನು ತೋರಿಸಿಕೊಡುವುದು ಆ ಗಂಟೆ. ಲಂಬಾಣಿಯಲ್ಲೋ ಉರ್ದುವಿನಲ್ಲೋ ಯಾರು ವಿವರಿಸಿದರು ಎಂದು ಅವರ ಹೆಸರೂ ಇರಲಿ. ಹೆಬ್ಬೆಟ್ಟಾದರೆ ಸಾಕ್ಷಿ ಆಸ್ಪತ್ರೆಯವರಲ್ಲದವರು ಇದ್ದರೆ ಒಳ್ಳೆಯದು.

ಡಾಕ್ಟರುಗಳ ಕಡೆಯ ಮಾತೂ ಇದೆ. ಹುಮನಾಬಾದ್ ರಸ್ತೆಯಲ್ಲಿ ಬಿದ್ದು ಪ್ರಜ್ಞೆಯಿಲ್ಲದೆ ಬಂದವನಿಗೆ, ಸಂಬಂಧಿಕರು ಹೊತ್ತಿಗೆ ಸಿಗದಿದ್ದರೆ, ಸಹಿಗಾಗಿ ಕಾಯಬೇಕಿಲ್ಲ. ಅದಕ್ಕೇ 30ನೇ ಕಲಂ ಇದೆ. ಗರ್ಭಪಾತದ್ದು ಉಲ್ಟಾ: ಗರ್ಭಪಾತ ಯಾವಾಗ ಮಾಡಬಹುದೆಂದು ಹೇಳುವ ಎಂಟಿಪಿ ಕಾಯ್ದೆಯ ಮಿತಿ ಮೀರಿದರೆ ಹೆಣ್ಣುಮಗಳೇ ಒಪ್ಪಿದರೂ 29ರ ಪ್ರಕಾರ ಆ ಒಪ್ಪಿಗೆ ರಕ್ಷಣೆಗೆ ಬರುವುದಿಲ್ಲ.

ಒಪ್ಪಿಗೆ ಇತ್ತೆಂದು ತೋರಿಸುವ ಹೊರೆ ಆರೋಪಿಯ ಮೇಲಿದೆ (ಸಾಕ್ಷ್ಯ ಅಧಿನಿಯಮ, ಕಲಂ 108). ಹೀಗಾಗಿ ಆ ಫಾರಂ ಏನು ಹೇಳುತ್ತದೆ ಎಂಬುದನ್ನು ನೀವು ಮೊದಲು ನೋಡಬೇಕು. ಕೇಸ್ ಶೀಟಿನ ನಕಲು ಬರವಣಿಗೆಯಲ್ಲಿ ಕೇಳಿ, ಅರ್ಜಿಯ ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ವೈದ್ಯರ ನಡತೆಯ 2002ರ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ತಡ ಮಾಡಬೇಡಿ, ಒಳರೋಗಿಗಳ ದಾಖಲೆ ಇಟ್ಟುಕೊಳ್ಳಬೇಕಾದದ್ದು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಮಾತ್ರ.

— ಒಬ್ಬ ವಕೀಲ, ಕಲಬುರಗಿ