ಹೇನಿನ ಔಷಧ ಹಚ್ಚುವ ಮುನ್ನ: ಪೋಷಕರಿಗೊಂದು ಪತ್ರ

ಶಿರಸಿ ತಾಲೂಕು

ಮಾನ್ಯ ಪೋಷಕರೇ, ನಮಸ್ಕಾರಗಳು.

ಮಳೆಗಾಲ ಹಿಡಿದಾಗಿನಿಂದ ನಾಲ್ಕು, ಐದನೆಯ ತರಗತಿಯ ಹಲವು ಮಕ್ಕಳ ತಲೆಯಲ್ಲಿ ಹೇನು, ಸೀರು ಕಾಣುತ್ತಿವೆ. ಇದು ಕೊಳಕಿನ ಗುರುತಲ್ಲ. ಹೇನು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ತಲೆಗೆ ತಲೆ ತಾಗಿಸಿ ಆಡುವ ಮಕ್ಕಳಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಈ ಕಾರಣಕ್ಕೆ ಯಾವ ಮಗುವನ್ನೂ ನಾವು ಬೇರೆ ಕೂರಿಸುವುದಿಲ್ಲ. ನೀವೂ ಶಾಲೆ ತಪ್ಪಿಸಬೇಡಿ, ತಲೆ ಬೋಳಿಸಬೇಡಿ.

ನನಗೆ ಹೇನಿಗಿಂತ ಹೆಚ್ಚು ಭಯವಿರುವುದು ಮನೆಯಲ್ಲಿ ನಡೆಯುವ ಮದ್ದಿನ ಬಗ್ಗೆ. ಕೆಲವು ಮಕ್ಕಳ ಕೂದಲಿನಿಂದ ಸೀಮೆಎಣ್ಣೆಯ ವಾಸನೆ ಬರುತ್ತಿದೆ. ಕೈಮುಗಿದು ಕೇಳುತ್ತೇನೆ, ಅದು ಬೇಡ. ನಮ್ಮ ಕಡೆ ಈಗಲೂ ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆಯ ನೀರು ಕಾಯಿಸುವ ಮನೆಗಳಿವೆ. ಸೀಮೆಎಣ್ಣೆ ಹಚ್ಚಿಕೊಂಡ ಮಗು ಆ ಒಲೆಯ ಹತ್ತಿರ ನಿಂತರೆ ಏನಾದೀತೆಂದು ಯೋಚಿಸಿ. ಬೆಳೆಗೆ ಹೊಡೆಯುವ ಕೀಟನಾಶಕವನ್ನೂ ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣವನ್ನೂ ತಲೆಗೆ ಮುಟ್ಟಿಸಬೇಡಿ. ಚರ್ಮ ವಿಷವನ್ನು ಹೀರಿಕೊಳ್ಳುತ್ತದೆ. ‘ಗಾಮಾ ಬೆಂಜೀನ್’ ಎಂದು ಬರೆದಿರುವ ಹಳೆಯ ಲೋಷನ್ ಮನೆಯಲ್ಲಿ ಉಳಿದಿದ್ದರೂ ಬಳಸಬೇಡಿ. ಅದರಿಂದ ಮಕ್ಕಳಿಗೆ ಸೆಳವು ಬರುವ ಅಪಾಯವಿದೆ.

ಹೇನಿಗೆ ಸಾಮಾನ್ಯವಾಗಿ ಕೊಡುವುದು ಶೇಕಡಾ 1ರ ಪರ್ಮೆಥ್ರಿನ್. ಶೇಕಡಾ 5ರದ್ದೂ ಸಿಗುತ್ತದೆ, ಆದರೆ ಅದು ಮೈಯ ತುರಿಕಜ್ಜಿಗೆ. ಬಾಟಲಿಯ ಮೇಲಿನ ಅಂಕಿಯನ್ನು ಓದಿಯೇ ಮುಚ್ಚಳ ತೆಗೆಯಿರಿ.

ಔಷಧ ಕೆಲಸ ಮಾಡಲಿಲ್ಲ ಎನ್ನುವವರ ಮನೆಯಲ್ಲಿ ಹೆಚ್ಚಾಗಿ ಎಣ್ಣೆಯೇ ಅಡ್ಡ ಬಂದಿರುತ್ತದೆ. ಕೊಬ್ಬರಿ ಎಣ್ಣೆಯಾಗಲಿ, ದಾಸವಾಳ ಸೊಪ್ಪಿನ ಗೊಂಪಾಗಲಿ ಕೂದಲಿಗೆ ಒಳ್ಳೆಯದೇ, ಔಷಧದ ದಿನ ಮಾತ್ರ ಬೇಡ. ಎಣ್ಣೆಯ ಪದರವಿದ್ದರೆ ಔಷಧ ಕೂದಲಿಗೆ ಹಿಡಿಯುವುದಿಲ್ಲ. ಸಾದಾ ಶಾಂಪೂವಿನಿಂದ ತೊಳೆದು, ಟವೆಲಿನಿಂದ ಒರೆಸಿ, ಕಿವಿಯ ಹಿಂದೆ ಮತ್ತು ಕತ್ತಿನ ಬುಡದಲ್ಲಿ ಬಿಡದೆ ಹಚ್ಚಿ. ಗಡಿಯಾರ ನೋಡಿಕೊಂಡು 10 ನಿಮಿಷ. ರಾತ್ರಿಯಿಡೀ ಬಿಟ್ಟರೆ ಹೆಚ್ಚು ಗುಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ಲಾಸ್ಟಿಕ್ ಚೀಲ ಕಟ್ಟುವುದಂತೂ ಕೂಡದು. ತೊಳೆಯುವಾಗ ಮಗುವಿನ ಕಣ್ಣಿಗೆ ಒಣಬಟ್ಟೆ ಒತ್ತಿಹಿಡಿದು, ತಲೆ ಬಗ್ಗಿಸಿ, ನೀರು ಮೈಮೇಲೆ ಇಳಿಯದಂತೆ ನೋಡಿಕೊಳ್ಳಿ. ನೀರು ಉಗುರುಬೆಚ್ಚಗಿದ್ದರೆ ಸಾಕು. ಕಣ್ಣಿಗೆ ಬಿದ್ದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯಿರಿ.

ಔಷಧಕ್ಕೆ ಎಲ್ಲ ಸೀರೂ ಸಾಯುವುದಿಲ್ಲ. ಉಳಿದವು 7ರಿಂದ 10 ದಿನಗಳಲ್ಲಿ ಒಡೆದು ಮರಿಯಾಗುತ್ತವೆ. ಆದ್ದರಿಂದ 9ನೆಯ ದಿನ ಮತ್ತೊಮ್ಮೆ ಹಚ್ಚಬೇಕು. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಮಾಡಿಕೊಳ್ಳಿ. ನಡುವೆ ಎರಡು ಮೂರು ದಿನಕ್ಕೊಮ್ಮೆ ಸೀರಣಿಗೆಯಿಂದ ಬಾಚಿ. ಈ ಕೆಲಸಕ್ಕೆ ತಾಳ್ಮೆ ಬೇಕು, ಅಜ್ಜಿಯಂದಿರಿಗೆ ಒಪ್ಪಿಸಿದರೆ ಇನ್ನೂ ಒಳ್ಳೆಯದು. ಮನೆಯವರೆಲ್ಲರ ತಲೆಯನ್ನೂ ನೋಡಿ. ಜೀವಂತ ಹೇನು ಇದ್ದವರಿಗೂ, ಅವರೊಂದಿಗೆ ಒಂದೇ ಹಾಸಿಗೆಯಲ್ಲಿ ಮಲಗುವವರಿಗೂ ಒಂದೇ ದಿನ ಹಚ್ಚಿ.

ತಲೆಯಲ್ಲಿ ಹುಣ್ಣು, ಕೀವು ಇದ್ದರೆ, ಸೇವಂತಿಗೆ ಹೂವಿನಿಂದ ಅಲರ್ಜಿಯಾಗುವ ಮಗುವಾದರೆ, ಮೊದಲು ವೈದ್ಯರಿಗೆ ತೋರಿಸಿ. ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಲೇಬಾರದು. ದುಂಡಗೆ ಕೂದಲು ಉದುರಿದ್ದರೆ ಅದು ಹುಳುಕಡ್ಡಿ ಇರಬಹುದು. ಅದಕ್ಕೆ ಮಾತ್ರೆ ಬೇಕಾಗುತ್ತದೆ, ಅಂಗಡಿಯ ಮುಲಾಮು ಸಾಲದು. ಮಗು ಔಷಧ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಹಚ್ಚುವುದು ಹೇಗೆಂದು ಅನುಮಾನವಿದ್ದರೆ ಬಾಟಲಿ ಹಿಡಿದು ಶಾಲೆಗೆ ಬನ್ನಿ. ಅದರ ಮೇಲಿನ ಇಂಗ್ಲಿಷ್ ಸೂಚನೆಯನ್ನು ನಾನೇ ಕೂತು ಓದಿ ಹೇಳುತ್ತೇನೆ.

ಇಂತಿ,
ಮುಖ್ಯ ಶಿಕ್ಷಕಿ